ಮಳೆಗೆ ನಿಲ್ಲುವ ಕಾರು: ಒಂದು ರೋಗನಿದಾನ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ಕಾರಿನ ರಿಪೇರಿಯ ವಿಷಯವೇ ಎಂದು ಮಿತ್ರರು ಹುಬ್ಬೇರಿಸಬಹುದು. ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನವಷ್ಟೇ ನನ್ನ ಬಂಡವಾಳ. ಆದರೆ ಕಾರ್ಯಕಾರಣ ಸಂಬಂಧವನ್ನು ನಿರ್ಣಯಿಸುವ ವಿಧಾನಗಳನ್ನು ನಮ್ಮ ಗುರುಗಳು ತರ್ಕಶಾಸ್ತ್ರದ ತರಗತಿಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿಯೇ, ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ ಮನೆಯ ಹಳೆಯ ಅಂಬಾಸಿಡರ್ ಕಾರು ಅದೇ ಪಾಠವನ್ನು ಬೇರೊಂದು ರೀತಿಯಿಂದ ಹೇಳತೊಡಗಿತ್ತು. ಮಳೆಗಾಲದಲ್ಲಿ ಕೆಡುವ, ಬಿಸಿಲು ಬಂದೊಡನೆ ತಾನಾಗಿ ಸರಿಹೋಗುವ ಕಾರಿನ ದೋಷವನ್ನು ಹುಡುಕುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಕಾರಿನ ಪರಿಚಯವನ್ನು ಮೊದಲು ಮಾಡಿಕೊಡಬೇಕು. ಅದು 1984ರಲ್ಲಿ ತಯಾರಾದ ಮಾರ್ಕ್ 4 ಅಂಬಾಸಿಡರ್. 1489 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್ನಿನದು. ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ ಈ ಜಾತಿಯ ಕಾರುಗಳ ತಯಾರಿಕೆ 2014ರಲ್ಲಿ ನಿಂತುಹೋಯಿತು. ಮಾವ ಇದನ್ನು ಕೊಂಡಾಗಲೇ ಅದು ಎರಡು ಕೈ ದಾಟಿ ಬಂದಿತ್ತು. ತೋಟದ ಮನೆಯಿಂದ ಬಸ್ಸು ನಿಲ್ಲುವ ರಸ್ತೆಗೆ ಎರಡು ಮೈಲಿ ನಡೆಯಬೇಕು. ಅತ್ತೆಗೆ ಆ ನಡಿಗೆ ಸಾಧ್ಯವಿರಲಿಲ್ಲ. ಅವರ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಎರಡು ವರ್ಷವಾಗಿತ್ತು. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಹೋಗಿ, ನಾಲ್ಕು ಗಂಟೆಗಳ ಕಾಲ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿ ಬರಬೇಕು. ಒಂದು ಸರದಿ ತಪ್ಪಿದರೆ ಕಾಲು ಬಾತು ಉಸಿರು ಕಟ್ಟುವುದು. ಹೀಗಾಗಿ ಆ ಕಾರು ಮನೆಯವರಿಗೆ ಶೋಕಿಯ ವಸ್ತುವಾಗಿರಲಿಲ್ಲ.

2024ರ ಜುಲೈ ತಿಂಗಳ ಮೂರನೆಯ ವಾರ. ಪುನರ್ವಸು ಮಳೆ ಕಟ್ಟಕಡೆಯ ಪಾದದಲ್ಲಿತ್ತು. ಶುಕ್ರವಾರ ನಾನೂ ಜೊತೆಗೆ ಹೊರಟಿದ್ದೆ. ಮಂಡಗದ್ದೆ ದಾಟಿ ಕಾಡಿನ ನಡುವಣ ರಸ್ತೆಯಲ್ಲಿ ಒಂದು ಲಾರಿಯ ಹಿಂದೆ ಸಾಗುತ್ತಿದ್ದಾಗ, ಕಾರು ಒಮ್ಮೆ ಮುಗ್ಗರಿಸಿತು, ಇನ್ನೊಮ್ಮೆ ಮುಗ್ಗರಿಸಿತು, ಆಮೇಲೆ ಉಸಿರೆತ್ತದೆ ನಿಂತುಬಿಟ್ಟಿತು. ಮಾವ ಬಾನೆಟ್ಟು ಎತ್ತಿದರು. ನಾನು ಕೊಡೆ ಹಿಡಿದೆ. ಅತ್ತೆ ಹಿಂದಿನ ಸೀಟಿನಲ್ಲಿ ಗಡಿಯಾರ ನೋಡಿಕೊಂಡು ಕುಳಿತಿದ್ದರು. ಒಂದು ಮಾತನ್ನೂ ಆಡಲಿಲ್ಲ. ಕೊನೆಗೆ ಬಸ್ಸೊಂದು ಬಂದುದರಿಂದ ಅವರನ್ನು ಹತ್ತಿಸಿಕೊಂಡು ನಾನು ಮುಂದೆ ಹೋದೆ. ಆಸ್ಪತ್ರೆಯಲ್ಲಿ ಅವರ ಸರದಿ ಬೇರೆಯವರಿಗೆ ಹೋಗಿತ್ತು. ಸಂಜೆ ಯಂತ್ರ ಖಾಲಿಯಾಗುವವರೆಗೆ ಕಾಯಬೇಕಾಯಿತು. ಇತ್ತ ಕಾರು, ನಾವು ಹೋಗಿ ಮುಕ್ಕಾಲು ಗಂಟೆಯ ಮೇಲೆ, ಏನೂ ಆಗಿಲ್ಲವೆಂಬಂತೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತಂತೆ!

ಅಷ್ಟರಲ್ಲಿ ಕಾರಿಗೆ ಎರಡು ಸಲ ಚಿಕಿತ್ಸೆ ನಡೆದಿತ್ತು. ಜೂನ್ ಕೊನೆಯಲ್ಲಿ ನಾಲ್ಕೂ ಪ್ಲಗ್ಗುಗಳನ್ನು ಬದಲಾಯಿಸಿದ್ದರು. ಕಾರು ನಾಲ್ಕು ದಿನ ಚೆನ್ನಾಗಿ ಓಡಿತು. ಜುಲೈ ಎರಡನೆಯ ವಾರದಲ್ಲಿ ಪಾಯಿಂಟು ಮತ್ತು ಕಂಡೆನ್ಸರು ಹೊಸದಾದುವು. ಮೂರು ದಿನ ಓಡಿತು. ರಸ್ತೆಯಲ್ಲಿ ನಿಂತ ಮೇಲೆ ಪೆಟ್ರೋಲ್ ಪಂಪನ್ನೂ ಕಾರ್ಬುರೇಟರನ್ನೂ ಬಿಚ್ಚಿ ತೊಳೆದರು. ಒಂದು ವಾರ ಸುಮ್ಮನಿದ್ದು ಜುಲೈ 30ರ ಮಂಗಳವಾರ ಬೆಳಿಗ್ಗೆ ಅಂಗಳದಿಂದಲೇ ಹೊರಡಲಿಲ್ಲ. ಮೆಕ್ಯಾನಿಕರು ಮೋಸಗಾರರೇನೂ ಅಲ್ಲ, ಸಜ್ಜನರು. ಪ್ರತಿ ಸಲವೂ ಕಾರು ಗುಣವಾದುದನ್ನು ತಾವೂ ನಂಬಿ, ಮಾವನನ್ನೂ ನಂಬಿಸಿ ಕಳುಹಿಸಿದವರು. ತಪ್ಪಿದ್ದುದು ಕೈಯಲ್ಲಿ ಅಲ್ಲ, ಅನುಮಾನದಲ್ಲಿ. ನ್ಯಾಯಶಾಸ್ತ್ರದವರು ಹೇಳುವ ಅನುಮಾನದಲ್ಲಿ. ಪ್ಲಗ್ಗು ಹಾಕಿದ ದಿನ ಮಳೆ ಹೊಳವು ಕೊಟ್ಟಿತ್ತು. ಪಾಯಿಂಟು ಹಾಕಿದ ದಿನವೂ ಹಾಗೆಯೇ. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧ ಕಲ್ಪಿಸುವ ಕಾಕತಾಲೀಯ ನ್ಯಾಯವೆಂದರೆ ಇದೇ. ಮಳೆಯಲ್ಲಿ ಕೆಡುವ ಕಾರನ್ನು ಒಣ ಹವೆಯಲ್ಲಿ ರಿಪೇರಿ ಮಾಡಿ, ಒಣ ಹವೆಯಲ್ಲಿಯೇ ಓಡಿಸಿ ನೋಡಿ, ಗುಣವಾಯಿತೆಂದರೆ ಅದು ಏನನ್ನೂ ಸಾಧಿಸಿದಂತಾಗಲಿಲ್ಲ. ರಿಪೇರಿ ಮಾಡದಿದ್ದರೂ ಅದು ಆ ದಿನ ಓಡುತ್ತಿತ್ತು.

ಮುಂದಿನ ವಿಚಾರ ತಿಳಿಯಬೇಕಾದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹುಟ್ಟುವ ಕ್ರಮವನ್ನು ಸ್ವಲ್ಪ ಅರಿತಿರಬೇಕು. ಬ್ಯಾಟರಿಯಲ್ಲಿರುವುದು ಹನ್ನೆರಡೇ ವೋಲ್ಟು. ಪ್ಲಗ್ಗಿನ ತುದಿಯಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಿನ ಸಂದನ್ನು ಹಾರಿ ಕಿಡಿಯಾಗಬೇಕಾದರೆ ಸಾವಿರಾರು ವೋಲ್ಟುಗಳು ಬೇಕು. ಈ ಹೆಚ್ಚಳವನ್ನು ಮಾಡುವುದು ಕಾಯಿಲ್. ಅದರಲ್ಲಿ ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿಸುರುಳಿಗಳಿವೆ. ಒಂದರಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತುಗಳು, ಇನ್ನೊಂದರಲ್ಲಿ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳು. ಪಾಯಿಂಟು ಮುಚ್ಚಿರುವಾಗ ದಪ್ಪ ತಂತಿಯಲ್ಲಿ ವಿದ್ಯುತ್ತು ಹರಿದು ಕಾಂತಕ್ಷೇತ್ರವೊಂದು ಏಳುತ್ತದೆ. ಪಾಯಿಂಟು ತೆರೆದೊಡನೆ ಹರಿವು ಕಡಿದು, ಆ ಕ್ಷೇತ್ರ ಥಟ್ಟನೆ ಕುಸಿಯುತ್ತದೆ. ಆಗ ಸಣ್ಣ ತಂತಿಯಲ್ಲಿ ಹತ್ತು ಹದಿನೈದು ಸಾವಿರ ವೋಲ್ಟುಗಳ ಒತ್ತಡ ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಪ್ರೇರಣೆಯ ತತ್ತ್ವವೇ ಇದು. ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಈ ಏರ್ಪಾಡನ್ನು ಕಾರಿಗೆ ಹೊಂದಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂದಿತು. ಎಪ್ಪತ್ತು ವರ್ಷಗಳ ಅನಂತರ ತಯಾರಾದ ಮಾವನ ಕಾರಿನಲ್ಲಿಯೂ ಇದ್ದುದು ಬಹುಮಟ್ಟಿಗೆ ಅದೇ.

ಕಾಯಿಲಿನಿಂದ ಹೊರಟ ಒತ್ತಡ ಒಂದು ದಪ್ಪ ವೈರಿನ ಮೂಲಕ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ನಡುಬಾಯಿಗೆ ಬರುತ್ತದೆ. ಬೇಕಲೈಟಿನಂಥ ವಸ್ತುವಿನಿಂದ ಮಾಡಿದ ಈ ಕ್ಯಾಪಿನ ಒಳಗೆ ರೋಟರ್ ಎಂಬ ಸಣ್ಣ ಕೈ ತಿರುಗುತ್ತಿರುತ್ತದೆ. ಅದು ಊಟದ ಪಂಕ್ತಿಯಲ್ಲಿ ಬಡಿಸುವವನಂತೆ, ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ ಸುತ್ತಣ ನಾಲ್ಕು ಮೊಳೆಗಳಿಗೆ ಕಿಡಿಯನ್ನು ಹಂಚುತ್ತದೆ. ಅಲ್ಲಿಂದ ನಾಲ್ಕು ವೈರುಗಳು ನಾಲ್ಕು ಪ್ಲಗ್ಗುಗಳಿಗೆ. ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಕಿಡಿಗಳನ್ನು ಹೀಗೆ ಬಡಿಸಬೇಕು. ಒಂದೂ ಹೊತ್ತು ತಪ್ಪುವಂತಿಲ್ಲ, ಎಲೆ ತಪ್ಪುವಂತಿಲ್ಲ.

ಇಲ್ಲಿಗೆ ನೀರು ಬಂದರೆ ಏನಾಗುತ್ತದೆ? ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಒಯ್ಯುವುದಿಲ್ಲ. ಆದರೆ ಹಳೆಯ ಕಾರಿನ ಕ್ಯಾಪಿನ ಮೇಲೆ, ವೈರುಗಳ ಮೇಲೆ ವರ್ಷಗಳ ಧೂಳು, ಎಣ್ಣೆಯ ಜಿಡ್ಡು, ಮಸಿ ಕೂತಿರುತ್ತದೆ. ಅದರಲ್ಲಿ ತೇವ ಬೆರೆತೊಡನೆ ಮೇಲ್ಮೈಯಲ್ಲಿ ತೆಳುವಾದ ಒಂದು ಪೊರೆಯಾಗಿ, ವಿದ್ಯುತ್ತಿಗೆ ಕಳ್ಳದಾರಿ ಬಿಟ್ಟುಕೊಡುತ್ತದೆ. ಪ್ಲಗ್ಗಿನ ಸಂದನ್ನು ಹಾರುವುದಕ್ಕಿಂತ ಆ ದಾರಿಯಲ್ಲಿ ಜಾರಿ ಎಂಜಿನ್ನಿನ ಕಬ್ಬಿಣಕ್ಕೆ ಇಳಿಯುವುದೇ ಅದಕ್ಕೆ ಸುಲಭ. ಒಮ್ಮೆ ಹೀಗೆ ಸೋರಿದರೆ ಆ ಜಾಗ ಸುಟ್ಟು ಇದ್ದಲಾಗುತ್ತದೆ. ಇದ್ದಲಾದರೋ ವಿದ್ಯುದ್ವಾಹಕ. ಆಗ ಕಳ್ಳದಾರಿ ಕಾಯಮ್ಮಾದ ಕಾಲುದಾರಿಯಾಗುತ್ತದೆ. ಒಣ ದಿನಗಳಲ್ಲಿ ಅಲ್ಪಸ್ವಲ್ಪ, ತೇವದ ದಿನಗಳಲ್ಲಿ ಪೂರ್ತಿಯಾಗಿ ಕಿಡಿ ಅತ್ತ ಹರಿಯುತ್ತದೆ.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಸಿಲಿಂಡರಿನೊಳಗೆ ಅನಿಲ ಒತ್ತಿ ಹಿಡಿದಿರುವಾಗ ಕಿಡಿ ಹಾರಲು ಬೇಕಾದ ವೋಲ್ಟುಗಳು ಬಯಲಿನಲ್ಲಿ ಬೇಕಾದುದಕ್ಕಿಂತ ಬಹಳ ಹೆಚ್ಚು. ಆದುದರಿಂದ ಪ್ಲಗ್ಗನ್ನು ಹೊರಕ್ಕೆ ತೆಗೆದು, ಎಂಜಿನ್ನಿಗೆ ತಾಗಿಸಿ ಹಿಡಿದು, ‘ನೋಡಿ, ಕಿಡಿ ಬರುತ್ತಿದೆ’ ಎಂದು ತೋರಿಸುವುದು ಅರ್ಧ ಸಾಕ್ಷ್ಯ ಮಾತ್ರ. ಕಾರು ಏರು ಹತ್ತುವಾಗ ಆಕ್ಸಿಲರೇಟರನ್ನು ಪೂರಾ ತುಳಿದರೆ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿ ಒತ್ತಡ ಮತ್ತಷ್ಟು ಏರುತ್ತದೆ. ನಿಂತಲ್ಲಿ ಸದ್ದಿಲ್ಲದೆ ತಿರುಗುವ ಎಂಜಿನ್ ಘಾಟಿಯಲ್ಲಿ ಮಿಸ್ ಹೊಡೆಯುವುದಕ್ಕೆ ಇದೇ ಕಾರಣ. ಗ್ಯಾರೇಜಿನ ಮಾಡಿನ ಕೆಳಗೆ, ಬೇಸಗೆಯಂಥ ಒಣ ನೆಲದಲ್ಲಿ, ಭಾರವಿಲ್ಲದೆ ತಿರುಗುವ ಎಂಜಿನ್ನನ್ನು ಪರೀಕ್ಷಿಸಿದರೆ ಅದು ನೆಂಟರ ಮುಂದಿನ ಮಗುವಿನಂತೆ ಸುಮ್ಮನಿರುತ್ತದೆ.

ಮಳೆಗಾಲದ ತೊಂದರೆಯೆಲ್ಲ ಕಿಡಿಯದೇ ಎನ್ನುವಂತಿಲ್ಲ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿಗೆ ನೀರು ಸೇರಿರಬಹುದು. ಈಗ ಮಾರುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸಿರುತ್ತದೆ. ಎಥನಾಲ್ ನೀರನ್ನು ಹೀರಿಕೊಂಡು, ನೀರು ಮಿತಿಮೀರಿದಾಗ ಅದರೊಂದಿಗೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಆದರೆ ಅಂಥ ದೋಷ ಬಿಸಿಲು ಬಂದ ಮಾತ್ರಕ್ಕೆ ಮಾಯವಾಗುವುದಿಲ್ಲ. ಒದ್ದೆಯಾದ ಫ್ಯಾನ್ ಬೆಲ್ಟು ಜಾರಿ, ವೈಪರು ದೀಪಗಳು ಬ್ಯಾಟರಿಯನ್ನು ಹೀರಿ, ಕಾಯಿಲಿಗೆ ಶಕ್ತಿ ಸಾಲದಿರಬಹುದು. ಆಗ ದೀಪವೂ ಮಂಕಾಗುವುದು. ಕಾಗದದ ಏರ್ ಫಿಲ್ಟರು ನೆನೆದರೆ ಕಪ್ಪು ಹೊಗೆ ಕಾಣುವುದು. ಚಳಿಯೂ ತೇವವೂ ಕೂಡಿದ ಬೆಳಗುಗಳಲ್ಲಿ, ಪೆಟ್ರೋಲ್ ಆವಿಯಾಗುವಾಗಿನ ತಂಪಿಗೆ ಕಾರ್ಬುರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟಿ ಎಂಜಿನ್ ನಿಲ್ಲುವುದೂ ಉಂಟು. ನಮ್ಮ ಜುಲೈ ತಿಂಗಳ ಸೆಕೆಗೆ ಅದು ಹೊಂದುವ ಮಾತಲ್ಲ. ಮಾವನ ಕಾರಿನಲ್ಲಿ ದೀಪ ಮಂಕಾಗಿರಲಿಲ್ಲ, ಹೊಗೆ ಕಪ್ಪಾಗಿರಲಿಲ್ಲ, ಪೆಟ್ರೋಲನ್ನು ಗಾಜಿನ ಲೋಟಕ್ಕೆ ಹಿಡಿದು ಇಟ್ಟರೆ ತಳದಲ್ಲಿ ನೀರಿನ ಪದರ ಕಾಣಲಿಲ್ಲ.

ಆಗಸ್ಟ್ 3ರ ಶನಿವಾರ ನಾನು ಊರಿಗೆ ಹೋದಾಗ ಮಾವ ಕಾರನ್ನು ಗುಜರಿಗೆ ಕೊಡುವ ಮಾತಾಡುತ್ತಿದ್ದರು. “ಎಂತದೋ ಮಾರಾಯ, ಇನ್ನು ಇದಕ್ಕೆ ದುಡ್ಡು ಸುರಿಯುಕೆ ನನ್ನಿಂದ ಆಗುದಿಲ್ಲ. ನಿನ್ನ ಅತ್ತೆಯನ್ನ ಬಾಡಿಗೆ ಕಾರಲ್ಲೇ ಕರ್ಕೊಂಡು ಹೋಗುದು,” ಎಂದರು. ವಾರಕ್ಕೆ ಎರಡು ಸಲ ಬಾಡಿಗೆ ಕಾರು ಎಂದರೆ ಎಷ್ಟಾಗುವುದೆಂಬುದು ಅವರಿಗೂ ಗೊತ್ತಿತ್ತು, ಒಳಗೆ ಕುಳಿತು ಕೇಳಿಸಿಕೊಳ್ಳುತ್ತಿದ್ದ ಅತ್ತೆಗೂ ಗೊತ್ತಿತ್ತು. ನಾನು, “ಮಾವ, ಒಂದು ದಿನ ಕೊಡಿ, ಏನನ್ನೂ ಬದಲಾಯಿಸುವುದು ಬೇಡ, ನೋಡುವುದಷ್ಟೆ,” ಎಂದೆ.

ನೋಡಲು ಸಿಕ್ಕಿದ ಮೊದಲ ವಸ್ತು ಕಾರಲ್ಲ, ಒಂದು ನೋಟುಪುಸ್ತಕ. ಮಲೆನಾಡಿನ ಅನೇಕ ತೋಟಗಾರರಂತೆ ಮಾವನೂ ಮಳೆಮಾಪಕ ಇಟ್ಟುಕೊಂಡು ದಿನದಿನದ ಮಳೆಯನ್ನು ಬರೆದಿಡುವವರು. ಕೊಳೆರೋಗಕ್ಕೆ ಔಷಧ ಹೊಡೆಯುವ ಕಾಲ ನೋಡಲು ಅದು ಬೇಕು. ಕಾರಿನ ಖರ್ಚನ್ನೂ ತೊಂದರೆಯನ್ನೂ ಅದರದೇ ಅಂಚಿನಲ್ಲಿ ಗುರುತು ಹಾಕಿದ್ದರು. ಜೂನ್ 20ರಿಂದ ಜುಲೈ 31ರವರೆಗಿನ ನಲವತ್ತೆರಡು ದಿನಗಳ ಪುಟಗಳನ್ನು ಹರಡಿಕೊಂಡು ಕುಳಿತೆ. ಜಾನ್ ಸ್ಟೂವರ್ಟ್ ಮಿಲ್ 1843ರಲ್ಲಿ ತನ್ನ ತರ್ಕಗ್ರಂಥದಲ್ಲಿ ನಿರೂಪಿಸಿದ ಐದು ವಿಧಾನಗಳಲ್ಲಿ ಒಂದು, ಕಾರಣ ಹೆಚ್ಚಿದಂತೆ ಕಾರ್ಯವೂ ಹೆಚ್ಚುವುದೇ ಎಂದು ನೋಡುವುದು. ಮಳೆ ಹೆಚ್ಚಿದ ದಿನ ತೊಂದರೆ ಹೆಚ್ಚಿದ್ದೀತು ಎಂದು ನಾನು ನಿರೀಕ್ಷಿಸಿದ್ದೆ. ಹಾಗಿರಲಿಲ್ಲ. ‘ಬೆಳಿಗ್ಗೆ ಸ್ಟಾರ್ಟ್ ಇಲ್ಲ’ ಎಂದು ಬರೆದಿದ್ದ ಏಳು ದಿನಗಳಲ್ಲಿ ಐದಕ್ಕೆ ಹಿಂದಿನ ದಿನದ ಮಳೆ ಇಪ್ಪತ್ತು ಮಿಲಿಮೀಟರನ್ನೂ ಮುಟ್ಟಿರಲಿಲ್ಲ. ಅದೇ ನೂರಮೂವತ್ತು ಮಿಲಿಮೀಟರು ಸುರಿದ ಮರುದಿನ ಕಾರು ಮೊದಲ ತಿರುವಿಗೇ ಎದ್ದಿತ್ತು!

ಇದರಿಂದ ನಾನು ಕಂಗೆಟ್ಟೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆ ಏಳು ದಿನಗಳಿಗೆ ಮಳೆಯ ಅಳತೆಯಲ್ಲದೆ ಬೇರೇನು ಸಮಾನವೆಂದು ಹುಡುಕುತ್ತಿರುವಾಗ, ಕಾಫಿ ತಂದುಕೊಟ್ಟ ಅತ್ತೆ, “ಹಿಂದಿನ ದಿನ ಸಂಜೆ ಇವರು ಪೇಟೆಗೆ ಹೋಗಿ ಬಂದಿದ್ರೆ ಬೆಳಿಗ್ಗೆ ಅದರ ರಾಗ ಶುರು,” ಎಂದರು. ಪುಟಗಳನ್ನು ತಿರುಗಿಸಿ ನೋಡಿದೆವು. ಏಳಕ್ಕೆ ಏಳೂ ಹಾಗೆಯೇ ಇದ್ದುವು. ಹಿಂದಿನ ಸಂಜೆ ಒದ್ದೆ ರಸ್ತೆಯಲ್ಲಿ ಓಡಿ ಬಂದು, ಎಂಜಿನ್ ಬಿಸಿಯಿರುವಾಗಲೇ ಕೊಟ್ಟಿಗೆಯ ಪಕ್ಕದ ಮಣ್ಣುನೆಲದ ಷೆಡ್ಡಿನಲ್ಲಿ ಬಾನೆಟ್ಟು ಮುಚ್ಚಿ ನಿಂತ ಕಾರು ಮರುದಿನ ಏಳಲಿಲ್ಲ. ಹಿಂದಿನ ದಿನ ಹೊರಗೆ ಹೋಗದಿದ್ದರೆ, ಆಕಾಶವೇ ಕಳಚಿ ಬಿದ್ದರೂ ಎದ್ದಿತು. ಕಾರಣ ಮೇಲಿನಿಂದ ಬಿದ್ದ ನೀರಲ್ಲ. ಬಿಸಿ ಎಂಜಿನ್ನಿಗೆ ರಸ್ತೆಯ ನೀರು ಎರಚಿ ಹಬೆಯಾಗುತ್ತದೆ. ಆ ಹಬೆ ಡಿಸ್ಟ್ರಿಬ್ಯೂಟರಿನ ಕ್ಯಾಪಿನೊಳಗೂ ತುಂಬುತ್ತದೆ. ರಾತ್ರಿ ಎಲ್ಲವೂ ತಣಿದಾಗ, ತಣ್ಣೀರಿನ ತಂಬಿಗೆಯ ಮೈಮೇಲೆ ಹನಿ ಕಟ್ಟುವಂತೆ, ಕ್ಯಾಪಿನ ಒಳಮೈಯಲ್ಲಿ ಹನಿ ಕಟ್ಟುತ್ತದೆ.

ಆದರೆ ದಾರಿಯಲ್ಲಿ ನಿಂತ ಮೂರು ದಿನಗಳು ಈ ವಿವರಣೆಗೆ ಒಗ್ಗಲಿಲ್ಲ. ಆಗ ಎಂಜಿನ್ ಬಿಸಿಯಾಗಿಯೇ ಇತ್ತು. ಕ್ಯಾಪಿನಲ್ಲಿ ಹನಿ ಕಟ್ಟುವ ಪ್ರಶ್ನೆಯಿಲ್ಲ. ಮಾವ ನೆನಪು ಮಾಡಿಕೊಂಡು ಹೇಳಿದ ಪ್ರಕಾರ ಆ ಮೂರು ಸಲವೂ ಮುಂದೆ ಲಾರಿಯೋ ಬಸ್ಸೋ ಇದ್ದು, ಅದರ ಚಕ್ರದ ನೀರು ಮುಖದ ಜಾಲರಿಯ ಮೂಲಕ ನುಗ್ಗುತ್ತಿತ್ತು. ಒಳಗೆ ಬಂದ ನೀರನ್ನು ಫ್ಯಾನು ಎಂಜಿನ್ನಿನ ಮೇಲೆಲ್ಲ ಚಿಮುಕಿಸುವುದು ಸರಿಯಷ್ಟೆ. ಇನ್ನೊಂದು ಭೇದವೂ ಇತ್ತು: ಬೆಳಗಿನ ತೊಂದರೆಯಲ್ಲಿ ಎಂಜಿನ್ ಕೆಮ್ಮುತ್ತಿತ್ತು, ಪಟ್ ಎಂದು ಹಿಂದಕ್ಕೆ ಸಿಡಿಯುತ್ತಿತ್ತು, ದಾರಿಯ ತೊಂದರೆಯಲ್ಲಿ ಮಾತ್ರ ಪೂರ್ಣ ಸ್ತಬ್ಧವಾಗುತ್ತಿತ್ತು. ಮನೆಯಲ್ಲಿ ಒಂದು ಕೋಣೆಯ ದೀಪ ಆರಿದರೆ ಆ ಕೋಣೆಯ ವೈರನ್ನು ನೋಡುತ್ತೇವೆ. ಎಲ್ಲ ದೀಪಗಳೂ ಆರಿದರೆ ಮೇನ್ ಫ್ಯೂಸನ್ನು ನೋಡುತ್ತೇವೆ. ನಾಲ್ಕು ಸಿಲಿಂಡರುಗಳೂ ಒಟ್ಟಿಗೆ ಸುಮ್ಮನಾದರೆ ದೋಷ ನಾಲ್ಕಕ್ಕೂ ಸಮಾನವಾದ ದಾರಿಯಲ್ಲಿ, ಎಂದರೆ ಕಾಯಿಲು ಅಥವಾ ಅದರಿಂದ ಕ್ಯಾಪಿಗೆ ಬರುವ ವೈರಿನಲ್ಲಿ, ಇರತಕ್ಕದ್ದು. ಹಾಗಾದರೆ ರೋಗ ಒಂದಲ್ಲ, ಎರಡು. ಮೆಕ್ಯಾನಿಕರೂ ಮಾವನೂ ನಾನೂ ಒಂದೇ ಎಂದು ತಿಳಿದು ಹುಡುಕುತ್ತಿದ್ದೆವು.

ಪರೀಕ್ಷೆಯನ್ನು ಭಾನುವಾರ ಮಾಡಿದೆವು. ಹಳ್ಳಿಯಲ್ಲಿ ಬಾಡಿಗೆಗೆ ಓಡುವ ಇನ್ನೊಂದು ಅಂಬಾಸಿಡರ್ ಇದೆ. ಅದೇ ಎಂಜಿನ್, ಅದೇ ಬಗೆಯ ಡಿಸ್ಟ್ರಿಬ್ಯೂಟರ್. ಮಳೆಯಲ್ಲಿ ತಂಟೆಯಿಲ್ಲದೆ ಓಡುವುದು. ಅದರ ಚಾಲಕರು ಮಾವನ ಮೇಲಿನ ವಿಶ್ವಾಸದಿಂದ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಮೊದಲು ನಮ್ಮ ಕಾರಿನ ಕ್ಯಾಪನ್ನು ತೆಗೆದು, ಒಣಬಟ್ಟೆಯಿಂದ ಒರೆಸಿ ಹಾಕಿದೆವು, ಎಂಜಿನ್ ಹೊರಟಿತು. ನಿಲ್ಲಿಸಿ, ಕ್ಯಾಪನ್ನು ತೆಗೆದು, ಕನ್ನಡಕಕ್ಕೆ ಬಾಯಿಯ ಹಬೆ ಹಾಕುವಂತೆ ಅದರ ಒಳಗೆ ನಾಲ್ಕು ಸಲ ಊದಿ ಮತ್ತೆ ಹಾಕಿದೆವು. ಎಂಜಿನ್ ಕೆಮ್ಮಿತು, ಸಿಡಿಯಿತು, ಹೊರಡಲಿಲ್ಲ. ಒರೆಸಿದರೆ ಹೊರಟಿತು. ಮೂರು ಸಲ ಹೀಗೆಯೇ ಆಯಿತು. ಆಮೇಲೆ ಬಾಡಿಗೆ ಕಾರಿನ ಕ್ಯಾಪಿಗೂ ಅಷ್ಟೇ ಊದಿ ಅದರಲ್ಲಿಯೇ ಹಾಕಿ ನೋಡಿದರೆ, ಒಂದು ಕೆಮ್ಮು ಕೆಮ್ಮಿ ಹೊರಟಿತು. ಕೊನೆಯದಾಗಿ ಅದರ ಕ್ಯಾಪನ್ನು ನಮ್ಮ ಕಾರಿಗೆ ಹಾಕಿ ಊದಿದೆವು, ಹೊರಟಿತು. ಎಲ್ಲವೂ ಇದ್ದಂತೆಯೇ ಇದ್ದು ಒಂದೇ ಒಂದು ಅಂಶ ಬದಲಾದಾಗ ಕಾರ್ಯ ಇಲ್ಲವಾದರೆ ಆ ಅಂಶವೇ ಕಾರಣ. ವ್ಯತಿರೇಕ ವಿಧಾನದ ಈ ಉದಾಹರಣೆಯನ್ನು ಪಠ್ಯಪುಸ್ತಕದಲ್ಲಿ ನಾನು ಕಂಡಿರಲಿಲ್ಲ.

ಬಿಸಿಲಿಗೆ ಹಿಡಿದು ನೋಡಿದಾಗ ಕ್ಯಾಪಿನ ಒಳಮೈಯಲ್ಲಿ, ನಡುವಣ ಕಾರ್ಬನ್ನಿನ ಬುಡದಿಂದ ಮೂರನೆಯ ಮೊಳೆಯವರೆಗೆ, ಪೆನ್ಸಿಲಿನಲ್ಲಿ ಎಳೆದಂಥ ಕೂದಲೆಳೆಯ ಕಪ್ಪುಗೆರೆ ಕಾಣಿಸಿತು. ರೋಟರ್ ಯಾವ ಮೊಳೆಯ ಕಡೆಗೆ ತಿರುಗಿದ್ದರೂ ಕಿಡಿ ಈ ಗೆರೆಯಲ್ಲಿ ಜಾರಿ ಮೂರನೆಯ ಪ್ಲಗ್ಗಿಗೇ ಹೋಗುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು ಸಿಡಿಯುತ್ತಿದ್ದುದು ಅದರಿಂದ. ಒಣ ದಿನಗಳಲ್ಲಿಯೂ ಕಾರಿಗೆ ಸಣ್ಣದೊಂದು ನಡುಕವಿತ್ತು. ಅದನ್ನು ಮಾವ ಮುಪ್ಪು ಎಂದು ಎಣಿಸಿದ್ದರು.

ಎರಡನೆಯ ರೋಗಕ್ಕೆ ಗಿಡಗಳಿಗೆ ನೀರು ಚಿಮುಕಿಸುವ ಸಣ್ಣ ಬಾಟಲಿ ಸಾಕಾಯಿತು. ಒಳ್ಳೆಯ ಕ್ಯಾಪು ಇದ್ದಂತೆಯೇ ಎಂಜಿನ್ನನ್ನು ಓಡುತ್ತ ಬಿಟ್ಟು, ಒಂದೊಂದೇ ಜಾಗಕ್ಕೆ ಮಂಜಿನಂತೆ ನೀರು ಹೊಡೆದು, ಅರ್ಧ ನಿಮಿಷ ಕಾದು, ಒರೆಸಿ, ಮುಂದಿನದಕ್ಕೆ ಹೋದೆವು. ಮೊದಲ ಪ್ಲಗ್ಗು, ಬದಲಿಲ್ಲ. ಎರಡನೆಯದು, ಮೂರನೆಯದು, ನಾಲ್ಕನೆಯದು, ಬದಲಿಲ್ಲ. ಕ್ಯಾಪಿನ ಹೊರಮೈ, ಬದಲಿಲ್ಲ. ಕಾಯಿಲಿನ ಕುತ್ತಿಗೆಗೆ ಹೊಡೆದೊಡನೆ ಎಂಜಿನ್ ಸೊಲ್ಲೆತ್ತದೆ ನಿಂತುಹೋಯಿತು. ಮಂಡಗದ್ದೆಯಾಚೆ ನಿಂತ ಹಾಗೆಯೇ. ಅಲ್ಲಿ ವೈರನ್ನು ಅಪ್ಪಿ ಹಿಡಿಯುವ ರಬ್ಬರಿನ ಟೋಪಿ ಹಿಂಬದಿಯಲ್ಲಿ ಸೀಳಿತ್ತು. ಕಣ್ಣಿಗೆ ಬೀಳುವ ಮುಂಬದಿ ಚೆನ್ನಾಗಿಯೇ ಇತ್ತು. ರಾತ್ರಿ ದೀಪ ಆರಿಸಿ, ಎಂಜಿನ್ ಓಡುವಾಗ ಅಲ್ಲಿಗೆ ತುಸುವೇ ತೇವ ತಾಗಿಸಿದಾಗ, ನೀಲಿಯ ಎಳೆಯೊಂದು ಕಾಯಿಲಿನ ಕುತ್ತಿಗೆಯಿಂದ ಅದರ ಹಿಡಿಕೆಯ ಕಬ್ಬಿಣಕ್ಕೆ ಚಟಚಟನೆ ಇಳಿಯುತ್ತಿದ್ದುದನ್ನು ಮನೆಯವರೆಲ್ಲ ನೋಡಿದರು. ಅತ್ತೆ ಜಗಲಿಯಿಂದಲೇ ನೋಡಿ, “ಇಷ್ಟಕ್ಕೇಯಾ!” ಎಂದರು.

ಈ ಪರೀಕ್ಷೆಯನ್ನು ಮಾಡಬಯಸುವವರಿಗೆ ಕೆಲವು ಮಾತುಗಳನ್ನು ಹೇಳಲೇಬೇಕು. ನೀರನ್ನು ಚೊಂಬಿನಿಂದ ಸುರಿಯಕೂಡದು. ಹಾಗೆ ಸುರಿದರೆ ಆರೋಗ್ಯವಾದ ಕಾರೂ ನಿಲ್ಲಬಹುದು, ಸಾಕ್ಷ್ಯ ಸುಳ್ಳಾಗುತ್ತದೆ. ಸುಡುವ ಸೈಲೆನ್ಸರ್ ಕೊಳವೆಯ ಮೇಲೆ ನೀರು ಬೀಳಬಾರದು. ಎಂಜಿನ್ ಓಡುವಾಗ ದಪ್ಪ ವೈರುಗಳನ್ನು ಕೈಯಲ್ಲಿ ಹಿಡಿಯಬಾರದು. ಆ ಹೊಡೆತ ಸಣ್ಣದಲ್ಲ, ಹೃದಯ ದುರ್ಬಲವಾಗಿರುವವರಿಗೆ ಅಪಾಯವೇ. ಪೆಟ್ರೋಲ್ ಸೋರುತ್ತಿರುವ ಕಾರಿನಲ್ಲಿ ಕಿಡಿ ನೋಡುವ ಸಾಹಸ ಬೇಡವೇ ಬೇಡ. ಪಂಚೆಯ ಅಂಚು, ಹೆಗಲ ಮೇಲಿನ ಟವೆಲ್ಲು ಫ್ಯಾನಿಗೆ ಸಿಕ್ಕದಂತೆ ನೋಡಿಕೊಳ್ಳಬೇಕು. ಮಾವನ ಟವೆಲ್ಲನ್ನು ನಾನು ಎರಡು ಸಲ ಎಳೆದುಕೊಳ್ಳಬೇಕಾಯಿತು.

ಹೊಸ ಕ್ಯಾಪು, ಕಾಯಿಲಿನ ವೈರು ಮತ್ತು ರಬ್ಬರಿನ ಟೋಪಿ, ಮೂರನ್ನೂ ಶಿವಮೊಗ್ಗದಿಂದ ತರಿಸಿದೆವು. ಅದಕ್ಕೆ ತಗುಲಿದ ಹಣ ಮೊದಲ ಮೂರು ರಿಪೇರಿಗಳಲ್ಲಿ ಯಾವೊಂದಕ್ಕೂ ಸಮನಾಗಲಿಲ್ಲ. ಇವುಗಳನ್ನು ಹಾಕಿದ್ದು ಅದೇ ಮೆಕ್ಯಾನಿಕರು. ಕಪ್ಪುಗೆರೆಯನ್ನು ಅವರಿಗೆ ತೋರಿಸಿದಾಗ ಬಹಳ ಹೊತ್ತು ನೋಡಿ, ಹಳೆಯ ಕ್ಯಾಪನ್ನು ತಾವೇ ಇಟ್ಟುಕೊಳ್ಳುವುದಾಗಿ ಕೇಳಿ ತೆಗೆದುಕೊಂಡರು. ಈ ಸಲ ಕಾರು ಗುಣವಾಯಿತೆಂದು ನಾವು ಹೇಳಿದುದು ಅದು ಓಡಿದ ಮೇಲಲ್ಲ. ಒಳಗೆ ಊದಿ, ಹೊರಗೆ ಚಿಮುಕಿಸಿ, ಆದರೂ ಓಡಿದ ಮೇಲೆ. ಕ್ಯಾಪಿಗೆ ಪ್ಲಾಸ್ಟಿಕ್ ಚೀಲ ಕಟ್ಟುವುದು, ರಬ್ಬರಿನ ಕೈಗವಸು ತೊಡಿಸುವುದು ಮೊದಲಾದ ಉಪಾಯಗಳನ್ನು ಕೆಲವರು ಹೇಳಿದರು. ಎರಚುವ ನೀರಿಗೆ ಅವು ಒಳ್ಳೆಯವೇ. ಆದರೆ ಬಿಗಿಯಾಗಿ ಕಟ್ಟಿದರೆ ಒಳಗಿನ ಹಬೆ ಹೊರಹೋಗದೆ ಬೆಳಗಿನ ತೊಂದರೆ ಹೆಚ್ಚುವುದು. ಅದಕ್ಕಿಂತ ಸಂಜೆ ಬಂದೊಡನೆ ಬಾನೆಟ್ಟನ್ನು ಅರ್ಧ ಗಂಟೆ ತೆರೆದಿಟ್ಟು ಹಬೆಯನ್ನು ಬಿಡುವುದು ಮೇಲು. ಮಾವ ಈಗ ಹಾಗೆಯೇ ಮಾಡುತ್ತಾರೆ.

ಆಶ್ಲೇಷಾ, ಮಘಾ ಮಳೆಗಳು ಕಳೆದುವು. ಮಂಗಳವಾರ ಶುಕ್ರವಾರಗಳ ಒಂದು ಸರದಿಯೂ ಕಾರಿನ ಕಾರಣದಿಂದ ತಪ್ಪಲಿಲ್ಲ. ನೋಟುಪುಸ್ತಕದಲ್ಲಿ ಮಾವ ಮಳೆಯ ಸಾಲಿನ ಪಕ್ಕಕ್ಕೆ ಕಾರಿಗಾಗಿಯೇ ಒಂದು ಸಾಲು ಗೀಚಿಕೊಂಡಿದ್ದಾರೆ. ಸಂಜೆ ಕಾರು ಹೊರಗೆ ಹೋಗಿತ್ತೇ ಇಲ್ಲವೇ ಎಂಬುದನ್ನೂ ಅದರಲ್ಲಿ ಬರೆಯುತ್ತಾರೆ. 2025ರ ಮೇ ತಿಂಗಳಲ್ಲಿ, ಮಳೆ ಹಿಡಿಯುವುದಕ್ಕೆ ಮುಂಚೆ, ಅಂಗಳದ ಬಿಸಿಲಿನಲ್ಲಿ ನೀರಿನ ಬಾಟಲಿ ಹಿಡಿದುಕೊಂಡು ಮತ್ತೊಮ್ಮೆ ಎಲ್ಲ ಕಡೆಗೂ ಚಿಮುಕಿಸಿದೆವು. ಎರಡನೆಯ ಪ್ಲಗ್ಗಿನ ವೈರಿಗೆ ಹೊಡೆದಾಗ ಎಂಜಿನ್ ತುಸು ತೊದಲಿತು. ಆ ವೈರನ್ನು ಆ ವಾರವೇ ಬದಲಾಯಿಸಿದೆವು.